ಓದಲು ಬರುವ ಮಕ್ಕಳಿಗೂ ಓದಿ ಹೇಳಿ, ಅರ್ಧಕ್ಕೆ ನಿಲ್ಲಿಸಿ

ಮಗು ತಾನೇ ಓದಲು ಕಲಿತ ಮೇಲೂ ಗಟ್ಟಿಯಾಗಿ ಓದಿ ಹೇಳುವುದನ್ನು ಬಿಡಬೇಡಿ. ಆದರೆ ಅಧ್ಯಾಯ ಮುಗಿಸಬೇಡಿ. ‘ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು’ ಎಂಬಂಥ ಸಾಲು ಬಂದಾಗ ನಿಲ್ಲಿಸಿ, ಪುಸ್ತಕವನ್ನು ಮಗುವಿನ ಕೈಗೆಟಕುವ ಕಡೆ ಬಿಟ್ಟು ಎದ್ದುಬಿಡಿ. ಏಳೆಂಟು ವರ್ಷದ ಮಕ್ಕಳಿಗೆ ಸಾಮಾನ್ಯವಾಗಿ ಕೇಳಿದಾಗ ಅರ್ಥವಾಗುವಷ್ಟು ಓದಿದಾಗ ಆಗುವುದಿಲ್ಲ, ಒತ್ತಕ್ಷರ ಬಿಡಿಸುವುದರಲ್ಲೇ ಅರ್ಧ ಗಮನ ಹೋಗಿಬಿಡುತ್ತದೆ. ಪಾತ್ರಗಳ ಹೆಸರು, ಜಾಗ, ಮಾತಿನ ಧಾಟಿ ಆಗಲೇ ಕಿವಿಗೆ ಬಿದ್ದಿದ್ದರೆ ಮುಂದಿನ ಪುಟ ಅಷ್ಟು ಭಾರವೆನಿಸದು. ಮುಂದೇನಾಯಿತು ಎಂಬ ಕುತೂಹಲ ಉಳಿದದ್ದನ್ನು ಮಾಡಿಸುತ್ತದೆ. ದಿನದ ಮಾತಿನಲ್ಲಿ ಬಾರದ ಎಷ್ಟೋ ಪದಗಳೂ ಹೀಗೇ ಮಗುವಿನದಾಗುತ್ತವೆ. ನಿದ್ದೆ ಎಳೆಯುತ್ತಿದ್ದರೆ ಇದು ನಡೆಯುವುದಿಲ್ಲ, ಸ್ವಲ್ಪ ಮುಂಚೆಯೇ ಕೂತುಕೊಳ್ಳಿ. ಬೇಗ ಹೆದರುವ ಮಗುವನ್ನು ಭಯದ ಸನ್ನಿವೇಶದಲ್ಲಿ ಬಿಟ್ಟು ಏಳಬೇಡಿ. ಒಂದೇ ಪುಟದಲ್ಲಿ ಐದಾರು ಪದ ಗೊತ್ತಾಗದಿದ್ದರೆ ಆ ಪುಸ್ತಕ ಮಗುವಿಗೆ ಒಂಟಿಯಾಗಿ ಕಷ್ಟ. ಅದನ್ನು ನೀವೇ ಓದಿ ಮುಗಿಸಿ. ಮಾರನೆಯ ದಿನ ಪುಸ್ತಕ ಮುಟ್ಟಿರದಿದ್ದರೂ ‘ಎಷ್ಟು ಓದಿದೆ?’ ಎಂದು ಮಾತ್ರ ಕೇಳಬೇಡಿ, ಅಲ್ಲಿಗೆ ಅದು ಹೋಂವರ್ಕ್ ಆಗಿಬಿಡುತ್ತದೆ. ಸುಮ್ಮನೆ ನಿಲ್ಲಿಸಿದ ಸಾಲಿನಿಂದ ಮತ್ತೆ ಓದಲು ಶುರುಮಾಡಿ.