ನ್ಯೂಟ್ರಲ್ ದೀಪ ಕಣ್ಣಾಮುಚ್ಚಾಲೆ ಆಡಿದಾಗ: ಗೇರ್ ಪೊಸಿಷನ್ ಸೆನ್ಸರ್ ಬದಲಿಸಿದ ಅನುಭವ

ಎಂಜಿನ್ ತಣ್ಣಗಿರುವಾಗ ನನ್ನ ಬೈಕಿನಲ್ಲಿ ಯಾವ ತಕರಾರೂ ಇರುತ್ತಿರಲಿಲ್ಲ. ಬಿಸಿಯೇರಿದ ಮೇಲೆ ಶುರುವಾಗುತ್ತಿತ್ತು ಅದರ ಆಟ. ಎರಡನೇ ಗೇರಿಗೆ ಹಾಕಿದರೆ ಮೀಟರಿನಲ್ಲಿ ಅಂಕಿಯ ಬದಲು ಒಂದು ಅಡ್ಡಗೆರೆ. ನ್ಯೂಟ್ರಲ್‌ಗೆ ತಂದರೆ ಹಸಿರು ದೀಪ ಒಮ್ಮೆ ಹೊತ್ತಿಕೊಳ್ಳುತ್ತಿತ್ತು, ಒಮ್ಮೆ ಇಲ್ಲ. ದೀಪ ಹೊತ್ತದಿದ್ದಾಗ ಸೈಡ್ ಸ್ಟ್ಯಾಂಡ್ ಇಳಿಸಿದರೆ ಎಂಜಿನ್ ತಕ್ಷಣ ಬಂದ್. ಸ್ಟ್ಯಾಂಡ್ ಎತ್ತಿ, ಕ್ಲಚ್ ಹಿಡಿದರೆ ಮಾತ್ರ ಮತ್ತೆ ಸ್ಟಾರ್ಟ್ ಆಗುತ್ತಿತ್ತು.

ಇದು ಬೈಕಿನ ಹಟವಲ್ಲ, ಸುರಕ್ಷತೆಯ ಲೆಕ್ಕಾಚಾರ. ಗೇರಿನಲ್ಲಿದ್ದು ಸ್ಟ್ಯಾಂಡ್ ಇಳಿದಿದ್ದರೆ ಎಂಜಿನ್ ಓಡಬಾರದು. ನ್ಯೂಟ್ರಲ್‌ನಲ್ಲಿದ್ದೇವೆ ಎಂಬ ಸುದ್ದಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ತಲುಪದಿದ್ದರೆ, ಗೇರಿನಲ್ಲೇ ಇದ್ದೇವೆ ಎಂದುಕೊಂಡು ಅದು ಎಂಜಿನ್ ನಿಲ್ಲಿಸುತ್ತದೆ. ಆ ಸುದ್ದಿಯನ್ನು ಕೊಡುವುದೇ ಗೇರ್ ಪೊಸಿಷನ್ ಸೆನ್ಸರ್. ಗೇರ್ ಬದಲಾದಂತೆ ಎಂಜಿನ್ ಒಳಗಿನ ಶಿಫ್ಟ್ ಡ್ರಮ್ ತಿರುಗುತ್ತದೆ. ಅದರ ತುದಿಗೆ ಅಂಟಿಕೊಂಡಂತೆ ಈ ಪುಟ್ಟ ಬಿಲ್ಲೆ ಕೂತಿರುತ್ತದೆ. ಹಲವು ಬೈಕುಗಳಲ್ಲಿ ಇದರ ಕೆಲಸ ಅಂಕಿ ತೋರಿಸುವುದಷ್ಟೇ ಅಲ್ಲ. ಇಸಿಯು ಗೇರಿಗೆ ತಕ್ಕಂತೆ ಕಿಡಿಯ ಸಮಯವನ್ನು ಹೊಂದಿಸುತ್ತದೆ, ಕ್ವಿಕ್‌ಶಿಫ್ಟರ್ (ಕ್ಲಚ್ ಹಿಡಿಯದೆ ಗೇರ್ ಬದಲಿಸಲು ನೆರವಾಗುವ ಸಾಧನ) ಇದ್ದರೆ ಅದೂ ಇದರ ಮಾತನ್ನೇ ನಂಬುತ್ತದೆ. ಇನ್ನು ಕೆಲವು ಬೈಕುಗಳಲ್ಲಿ ಗೇರ್ ಅಂಕಿಯನ್ನು ಎಂಜಿನ್ ವೇಗ ಮತ್ತು ಚಕ್ರದ ವೇಗದಿಂದ ಲೆಕ್ಕಹಾಕುತ್ತಾರೆ. ಅಂಥವುಗಳಲ್ಲಿ ನ್ಯೂಟ್ರಲ್ ಸ್ವಿಚ್ ಒಂದೇ ಇರುತ್ತದೆ. ನಿಮ್ಮದು ಯಾವ ಬಗೆ ಎಂದು ಸರ್ವಿಸ್ ಮ್ಯಾನುಯಲ್ ನೋಡಿಯೇ ಮುಂದುವರಿಯಿರಿ.

ಇಂಥ ದೋಷ ಕಂಡಾಗ ಬ್ಯಾಟರಿ ಬದಲಿಸಿ, ಕ್ಲಚ್ ಸ್ವಿಚ್ ಬದಲಿಸಿ ಎಂದು ಹೇಳುವವರು ಬಹಳ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಚಿಕಿತ್ಸೆ ಅದು. ನಾನು ಹೊಸ ಸೆನ್ಸರ್ ತರುವ ಮೊದಲು ಮಲ್ಟಿಮೀಟರ್ ಹಿಡಿದೆ.

ಸೆನ್ಸರ್ ಇರುವುದು ಎಂಜಿನ್ನಿನ ಎಡಬದಿಯಲ್ಲಿ, ಮುಂದಿನ ಸ್ಪ್ರಾಕೆಟ್ಟಿನ (ಚೈನ್ ಎಳೆಯುವ ಹಲ್ಲುಚಕ್ರದ) ಕವರ್ ಹಿಂದೆ. ಆದರೆ ಅದರ ವೈರು ಉದ್ದಕ್ಕೆ ಸಾಗಿ ಪೆಟ್ರೋಲ್ ಟ್ಯಾಂಕಿನ ಕೆಳಗೆ ಕನೆಕ್ಟರ್ ಸೇರುತ್ತದೆ. ಟ್ಯಾಂಕ್ ಎತ್ತಿ ಮೊದಲು ಅದನ್ನೇ ನೋಡಿದೆ: ಹಸಿರು ಕಿಲುಬು ಹಿಡಿದಿದೆಯೇ, ಪಿನ್ ಹಿಂದಕ್ಕೆ ಸರಿದಿದೆಯೇ, ವೈರು ಎಲ್ಲಾದರೂ ಉಜ್ಜಿ ಸಿಪ್ಪೆ ಸುಲಿದಿದೆಯೇ ಎಂದು. ಎಲ್ಲವೂ ಚೊಕ್ಕವಾಗಿತ್ತು. ಬಳಿಕ ಬೈಕನ್ನು ಹಿಂಚಕ್ರ ಎತ್ತಿ ಹಿಡಿಯುವ ಪ್ಯಾಡಕ್ ಸ್ಟ್ಯಾಂಡ್ ಮೇಲೆ ನೆಟ್ಟಗೆ ನಿಲ್ಲಿಸಿ, ಎಂಜಿನ್ ಬಿಸಿ ಮಾಡಿ ನಿಲ್ಲಿಸಿದೆ. ಇಗ್ನಿಷನ್ ಮಾತ್ರ ಆನ್ ಇಟ್ಟು, ಕನೆಕ್ಟರಿನ ಹಿಂಬದಿಯಿಂದ ತೆಳುವಾದ ಪಿನ್ ತೂರಿಸಿ ಸಿಗ್ನಲ್ ವೈರಿನ ವೋಲ್ಟೇಜ್ ಅಳೆದೆ. ವೈರಿನ ಸಿಪ್ಪೆಗೆ ಸೂಜಿ ಚುಚ್ಚಿ ಅಳೆಯುವುದು ನನಗೆ ಸೇರದು. ಆ ತೂತಿನಿಂದ ನೀರು ಒಳಹೊಕ್ಕು ಮುಂದೊಂದು ದಿನ ಇನ್ನೊಂದು ದೋಷ ಹುಟ್ಟುತ್ತದೆ. ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತಾ ಒಂದೊಂದೇ ಗೇರ್ ಹಾಕುತ್ತಾ ಹೋಗಬೇಕು. ಎಂಜಿನ್ ಓಡಿಸಿಕೊಂಡು ಈ ಕೆಲಸ ಮಾಡುವಂತಿಲ್ಲ. ಚೈನ್ ಮತ್ತು ಸ್ಪ್ರಾಕೆಟ್ ನಡುವೆ ಸಿಕ್ಕ ಬೆರಳು ಉಳಿಯುವುದಿಲ್ಲ.

ನನ್ನ ಬೈಕಿನಲ್ಲಿ ಮೊದಲ ಗೇರಿಗೆ ಸುಮಾರು 1.3 ವೋಲ್ಟ್, ಅಲ್ಲಿಂದ ಮೆಟ್ಟಿಲು ಹತ್ತಿದಂತೆ ಏರುತ್ತಾ ಆರನೇ ಗೇರಿಗೆ 4.5ರ ಆಸುಪಾಸು ಬರಬೇಕು. ಈ ಅಂಕಿಗಳು ಮಾದರಿಯಿಂದ ಮಾದರಿಗೆ ಬೇರೆ. ಮೂರರಿಂದ ಆರರವರೆಗೆ ಅಂಕಿ ಗಟ್ಟಿಯಾಗಿ ನಿಂತಿತು. ಎರಡರಲ್ಲಿ ಮಾತ್ರ ನಿಲ್ಲಲೊಲ್ಲದು, ಐದು ವೋಲ್ಟಿನತ್ತ ಹಾರಿ ಮತ್ತೆ ಕೆಳಗಿಳಿಯುತ್ತಿತ್ತು. ವೈರನ್ನು ಉದ್ದಕ್ಕೂ ಅಲುಗಾಡಿಸಿ ನೋಡಿದೆ; ಅದರಿಂದ ಏನೂ ಬದಲಾಗಲಿಲ್ಲ. ಗೇರ್ ಲಿವರನ್ನು ಮೆಲ್ಲಗೆ ಒತ್ತಿದರೆ ಮಾತ್ರ ಅಂಕಿ ಕುಣಿಯುತ್ತಿತ್ತು. ಅಲ್ಲಿಗೆ ವೈರು ನಿರಪರಾಧಿ, ದೋಷ ಸೆನ್ಸರಿನದೇ ಎಂದು ಖಾತ್ರಿಯಾಯಿತು. ಇಂಥ ಕ್ಷಣಿಕ ಏರಿಳಿತ ಹಿಡಿಯಲು ಹಳೆಯ ಕಾಲದ ಮುಳ್ಳಿನ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಡಿಜಿಟಲ್ ಮೀಟರ್ ಅಂಕಿ ಬದಲಿಸುವಷ್ಟರಲ್ಲಿ ಎಷ್ಟೋ ಏರಿಳಿತಗಳು ಕಾಣದೇ ಹೋಗುತ್ತವೆ.

ಬಿಚ್ಚುವ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಕೊಳೆ ತೆಗೆಯಲು. ಸ್ಪ್ರಾಕೆಟ್ ಕವರ್ ಒಳಗೆ ಚೈನ್ ಗ್ರೀಸು ಮತ್ತು ಮಣ್ಣು ಸೇರಿ ಗಟ್ಟಿ ಕರಿ ಮುದ್ದೆಯಾಗಿರುತ್ತದೆ. ಸೆನ್ಸರ್ ತೆಗೆದರೆ ಅಲ್ಲಿ ತೆರೆಯುವುದು ಎಂಜಿನ್ನಿನ ಒಳಕ್ಕೇ ದಾರಿ. ಆ ಮರಳು ಒಳಗೆ ಬೀಳಕೂಡದು. ಸೀಮೆಎಣ್ಣೆ ಅದ್ದಿದ ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ, ಲೋಹ ಕಾಣುವವರೆಗೆ ಸ್ವಚ್ಛ ಮಾಡಿದೆ. ಗೇರ್ ಲಿವರಿನ ಕೊಂಡಿ ಕಳಚುವ ಮೊದಲು ಅದು ಕೂರುವ ಹಲ್ಲಿನ ಜಾಗಕ್ಕೆ ಬಣ್ಣದ ಗುರುತು ಹಾಕಿಕೊಂಡೆ. ಹೈಡ್ರಾಲಿಕ್ ಕ್ಲಚ್ ಇದ್ದು ಅದರ ಸಿಲಿಂಡರ್ ಇದೇ ಕವರಿನ ಮೇಲಿರುವ ಬೈಕಾದರೆ, ಅದು ಕಳಚಿರುವಾಗ ಕ್ಲಚ್ ಲಿವರ್ ಮುಟ್ಟಬೇಡಿ. ಒಳಗಿನ ಪಿಸ್ಟನ್ ಹೊರಗೆ ಬಂದುಬಿಡುತ್ತದೆ.

ಸೆನ್ಸರನ್ನು ಹಿಡಿದಿರುವುದು ಎರಡು ಸಣ್ಣ ನಕ್ಷತ್ರದ ತಲೆಯ ಸ್ಕ್ರೂಗಳು. ಅವಕ್ಕೆ ಕಾರ್ಖಾನೆಯಲ್ಲೇ ಅಂಟು ಹಾಕಿರುತ್ತಾರೆ. ಅಳತೆಗೆ ಸರಿಹೊಂದದ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆದು ಬೋಳಾಗುತ್ತದೆ, ಆಮೇಲೆ ಡ್ರಿಲ್ಲೇ ಗತಿ. ಸರಿಯಾದ ಮೊನೆ ಕೂರಿಸಿ, ಹಿಂದಿನಿಂದ ಸುತ್ತಿಗೆಯ ಲಘು ಪೆಟ್ಟು ಕೊಟ್ಟು, ಹೀಟ್ ಗನ್‌ನಿಂದ ತುಸು ಬಿಸಿ ಮಾಡಿದ ಮೇಲೆ ಎರಡೂ ಬಿಟ್ಟುಕೊಟ್ಟವು.

ಬೈಕ್ ಸೈಡ್ ಸ್ಟ್ಯಾಂಡ್ ಮೇಲೆ ಎಡಕ್ಕೆ ವಾಲಿದ್ದರೆ ಎಂಜಿನ್ ಆಯಿಲ್ ಇದೇ ಬದಿಗೆ ಹರಿದು ಬಂದಿರುತ್ತದೆ. ನೆಟ್ಟಗೆ ನಿಂತಿದ್ದರಿಂದ ನನಗೆ ಕೆಲವು ಹನಿಗಳಷ್ಟೇ ಜಿನುಗಿದವು. ಸೆನ್ಸರನ್ನು ಎಳೆಯುವಾಗ ಒಂದು ಕೈ ಕೆಳಗೆ ಒಡ್ಡಿದ್ದೆ, ಏಕೆಂದರೆ ಈ ಮಾದರಿಯಲ್ಲಿ ಶಿಫ್ಟ್ ಡ್ರಮ್ಮಿನ ತುದಿಯಲ್ಲಿ ಸ್ಪ್ರಿಂಗ್ ಮೇಲೆ ಕೂತ ಪುಟ್ಟ ಪಿನ್‌ಗಳಿರುತ್ತವೆ. ಹಿಡಿತ ತಪ್ಪಿದರೆ ಅವು ಎಲ್ಲಿಗೆ ಚಿಮ್ಮುತ್ತವೋ ಹೇಳಲಾಗದು. ಬಿಲ್ಲೆಯ ಒಳಮೈ ನೋಡಿದಾಗ ಕಾರಣ ಕಣ್ಣಿಗೇ ಬಿತ್ತು: ಎರಡನೇ ಗೇರ್ ಮತ್ತು ನ್ಯೂಟ್ರಲ್‌ನ ತಾಮ್ರದ ಚುಕ್ಕೆಗಳು ಕಪ್ಪಾಗಿದ್ದವು, ಸುತ್ತಲಿನ ಪ್ಲಾಸ್ಟಿಕ್ಕಿನಲ್ಲಿ ಪಿನ್ ಕೊರೆದ ಗೆರೆ. ಮೊದಲ ಗೇರಿನಿಂದ ಎರಡಕ್ಕೆ ಹೋಗುವಾಗಲೆಲ್ಲ ಪಿನ್ ನ್ಯೂಟ್ರಲ್ ದಾಟಿಯೇ ಹೋಗಬೇಕು. ಪೇಟೆಯ ಓಡಾಟದಲ್ಲಿ ಅತಿ ಹೆಚ್ಚು ಸವೆಯುವುದು ಅದೇ ಭಾಗ. ಉಜ್ಜಿ ಮತ್ತೆ ಹಾಕಬಹುದಿತ್ತು, ಆದರೆ ಸವೆದ ತಾಮ್ರ ಮರಳಿ ಬೆಳೆಯುವುದಿಲ್ಲವಲ್ಲ. ಸೆನ್ಸರ್ ಜೊತೆಗೆ ಪಿನ್, ಸ್ಪ್ರಿಂಗ್, ಆಯಿಲ್ ಸೋರದಂತೆ ತಡೆಯುವ ರಬ್ಬರಿನ ಓ-ರಿಂಗ್ ಎಲ್ಲವನ್ನೂ ಹೊಸದು ಹಾಕಿದೆ.

ಹಳೆಯ ವೈರನ್ನು ಎಳೆಯುವ ಮೊದಲು ಅದರ ಕನೆಕ್ಟರಿಗೆ ದಾರ ಕಟ್ಟಿದೆ. ವೈರು ಕೆಳಗೆ ಬಂದಾಗ ದಾರ ಅದರ ದಾರಿಯಲ್ಲೇ ಉಳಿಯಿತು. ಹೊಸ ಕನೆಕ್ಟರನ್ನು ಅದಕ್ಕೇ ಕಟ್ಟಿ ಮೇಲಕ್ಕೆ ಎಳೆದರೆ ಮುಗಿಯಿತು. ಓ-ರಿಂಗಿಗೆ ಎಂಜಿನ್ ಆಯಿಲ್ ಸವರಿದೆ, ಸೀಲೆಂಟ್ ಹಾಕಲಿಲ್ಲ. ಸ್ಕ್ರೂ ಕೂರುವುದು ಅಲ್ಯೂಮಿನಿಯಮ್ಮಿನಲ್ಲಿ, ಹಾಗಾಗಿ ಬಿಗಿಯುವಾಗ ತೋಳ್ಬಲ ಬೇಡ. ಮ್ಯಾನುಯಲ್ ಹೇಳಿದಷ್ಟೇ ಸಾಕು.

ನ್ಯೂಟ್ರಲ್ ವೈರನ್ನು ನೇರ ಬೈಕಿನ ಲೋಹದ ಮೈಗೆ ಮುಟ್ಟಿಸಿ ದೀಪ ಹೊತ್ತಿಸುವ ಒಂದು ಅಡ್ಡದಾರಿಯೂ ಇದೆ. ನಾನು ಯಾರಿಗೂ ಅದನ್ನು ಹೇಳಿಕೊಡುವುದಿಲ್ಲ. ಆಮೇಲೆ ಬೈಕ್ ಸದಾ ನ್ಯೂಟ್ರಲ್‌ನಲ್ಲಿದೆ ಎಂದೇ ಇಸಿಯು ನಂಬುತ್ತದೆ: ಗೇರಿನಲ್ಲಿದ್ದಾಗ, ಕ್ಲಚ್ ಹಿಡಿಯದೆ ಸ್ಟಾರ್ಟರ್ ಒತ್ತಿದರೂ ಬೈಕ್ ಮುಂದಕ್ಕೆ ನೆಗೆಯುತ್ತದೆ, ಸ್ಟ್ಯಾಂಡ್ ಇಳಿದಿದ್ದರೂ ಓಡುತ್ತದೆ.

ಕವರ್ ಮುಚ್ಚುವ ಮೊದಲು ಅದೇ ಪರೀಕ್ಷೆಯನ್ನು ಮತ್ತೆ ಮಾಡಿದೆ. ಈ ಸಲ ಎರಡನೇ ಗೇರಿನ ಅಂಕಿಯೂ ಅಲುಗಾಡಲಿಲ್ಲ. ಎಂಜಿನ್ ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿ ಸ್ಟ್ಯಾಂಡ್ ಇಳಿಸಿದೆ, ಎಂಜಿನ್ ಓಡುತ್ತಲೇ ಇತ್ತು. ಸ್ಟ್ಯಾಂಡ್ ಇಳಿದಿದ್ದಂತೆಯೇ ಕ್ಲಚ್ ಹಿಡಿದು ಮೊದಲ ಗೇರ್ ಹಾಕಿದೆ, ಬಂದ್ ಆಯಿತು. ಹಳೆಯ ದೋಷದ ಕೋಡ್ ಮಾತ್ರ ಇಸಿಯು ನೆನಪಿನಲ್ಲಿ ಉಳಿದಿತ್ತು, ಅದನ್ನು ಸ್ಕ್ಯಾನರ್ ಜೋಡಿಸಿ ಅಳಿಸಿದೆ. ಒಂದು ದೀರ್ಘ ಸವಾರಿಯ ನಂತರ ಕವರ್ ತೆಗೆದು ಸೆನ್ಸರಿನ ಸುತ್ತ ಬಿಳಿ ಕಾಗದ ಒತ್ತಿ ನೋಡಿದೆ. ಆಯಿಲ್ ಕಲೆ ಇರಲಿಲ್ಲ.