ಗಂಟಲು ತಳ್ಳುತ್ತಿಲ್ಲವೋ, ಬಾಗಿಲು ತೆರೆಯುತ್ತಿಲ್ಲವೋ?

ನಾನು ಮಂಗಳೂರಿನಲ್ಲಿ ಸ್ಪೀಚ್ ಥೆರಪಿಸ್ಟ್. ನುಂಗಲು ಕಷ್ಟವಾಗುವವರನ್ನು ನೋಡುವುದೇ ನನ್ನ ಹೆಚ್ಚಿನ ಕೆಲಸ. ಪಾರ್ಶ್ವವಾಯು ಆದವರು, ಪಾರ್ಕಿನ್ಸನ್ ಇರುವವರು, ಹೊಗೆಸೊಪ್ಪು ಜಗಿದು ಬಾಯಿ-ಗಂಟಲ ಕ್ಯಾನ್ಸರ್ ಆಗಿ ರೇಡಿಯೇಶನ್ ತೆಗೆದುಕೊಂಡವರು ಬರುತ್ತಾರೆ. ಬಂಟ್ವಾಳ, ಪುತ್ತೂರು, ಕಾಸರಗೋಡು ಕಡೆಯವರೂ ಇರುತ್ತಾರೆ. ದೂರು ಮಾತ್ರ ಹೆಚ್ಚುಕಡಿಮೆ ಒಂದೇ: ಗಂಜಿ ಕೆಳಗೆ ಇಳಿಯುವುದಿಲ್ಲ, ಗಂಟಲಲ್ಲೇ ನಿಲ್ಲುತ್ತದೆ.

ಮೊದಲು ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ದ್ರವ ಕುಡಿಸಿ, ನುಂಗುವಾಗಿನ ಎಕ್ಸ್‌ರೇ ವಿಡಿಯೋ ತೆಗೆಸುತ್ತೇವೆ. ಎಲ್ಲಿ ನಿಂತಿತು ಎಂಬುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಯಾಕೆ ನಿಂತಿತು ಎಂಬುದು ಎಷ್ಟೋ ಸಲ ಕಾಣುವುದಿಲ್ಲ. ಗಂಟಲಿನ ಸ್ನಾಯು ಬಲವಾಗಿ ತಳ್ಳದಿದ್ದರೂ ಆಹಾರ ಉಳಿಯುತ್ತದೆ. ಅನ್ನನಾಳದ ಮೇಲಿನ ಬಾಗಿಲು, ಅಂದರೆ ಅಲ್ಲಿರುವ ಸ್ಫಿಂಕ್ಟರ್ ಎಂಬ ಬಿಗಿಯುವ ಸ್ನಾಯು, ಸರಿಯಾಗಿ ಸಡಿಲವಾಗದಿದ್ದರೂ ಉಳಿಯುತ್ತದೆ. ಎರಡರ ಚಿಕಿತ್ಸೆಯೇ ಬೇರೆ. ಅದಕ್ಕೇ ನನಗೆ ಮ್ಯಾನೊಮೆಟ್ರಿ, ಅಂದರೆ ನುಂಗುವಾಗ ಒಳಗಿನ ಒತ್ತಡ ಅಳೆಯುವ ಪರೀಕ್ಷೆ, ಬೇಕು.

ಮೂಗಿನಿಂದ ಒಂದು ಸಪೂರ ಟ್ಯೂಬ್ ಇಳಿಸುತ್ತೇವೆ. ಅದರ ಉದ್ದಕ್ಕೂ ಒಂದೊಂದು ಸೆಂಟಿಮೀಟರಿಗೆ ಒತ್ತಡ ಅಳೆಯುವ ಸೆನ್ಸರ್‌ಗಳಿರುತ್ತವೆ. ಹಿಂದಿನ ಟ್ಯೂಬ್‌ಗಳಲ್ಲಿ ಸೆನ್ಸರ್ ಕೆಲವೇ ಇದ್ದವು. ನುಂಗುವಾಗ ಧ್ವನಿಪೆಟ್ಟಿಗೆಯ ಜೊತೆ ಸ್ಫಿಂಕ್ಟರೂ ಮೇಲಕ್ಕೆ ಏರುತ್ತದೆ, ಸೆನ್ಸರ್ ಇದ್ದಲ್ಲೇ ಇರುತ್ತದೆ. ಒತ್ತಡ ಇಳಿದ ಹಾಗೆ ಕಂಡರೂ ನಿಜಕ್ಕೂ ಬಾಗಿಲು ತೆರೆದಿತ್ತೋ, ಸುಮ್ನೆ ಜಾಗ ಬದಲಾಯಿತೋ ಹೇಳುವುದು ಕಷ್ಟವಿತ್ತು. ಈಗ ಪರದೆಯ ಮೇಲೆ ಬಣ್ಣದ ನಕ್ಷೆ ಬರುತ್ತದೆ: ಕಡಿಮೆ ಒತ್ತಡ ನೀಲಿ, ಜಾಸ್ತಿ ಒತ್ತಡ ಕೆಂಪು. ಬಾಗಿಲು ಒಂದು ಪಟ್ಟಿಯಂತೆ ಕಾಣುತ್ತದೆ. ನುಂಗಿದಾಗ ಆ ಪಟ್ಟಿ ಮೇಲೇರುವುದೂ ಮಧ್ಯೆ ಸುಮಾರು ಅರ್ಧ ಸೆಕೆಂಡ್ ನೀಲಿಯಾಗುವುದೂ ಕಣ್ಣಿಗೇ ಕಾಣುತ್ತದೆ.

ಟ್ಯೂಬ್ ಹಾಕುವ ಹೊತ್ತಿಗೆ ಅವಸರ ಮಾಡಬಾರದು. ನಾಲ್ಕೈದು ಗಂಟೆ ಹೊಟ್ಟೆ ಖಾಲಿ ಇರಬೇಕು. ಮೂಗಿಗೆ ಸ್ವಲ್ಪ ಲಿಗ್ನೊಕೇನ್ ಎಂಬ ಮರಗಟ್ಟಿಸುವ ಜೆಲ್ಲಿ ಹಚ್ಚುತ್ತೇನೆ, ಗಂಟಲಿಗೆ ಸ್ಪ್ರೇ ಹೊಡೆಯುವುದಿಲ್ಲ. ಗಂಟಲೇ ಮರಗಟ್ಟಿದರೆ ನುಂಗುವ ರೀತಿ ಬದಲಾಗಬಹುದು, ನಾವು ಅಳೆಯಬೇಕಾದದ್ದೇ ಅದನ್ನು ಅಲ್ವಾ? ಗಲ್ಲ ಸ್ವಲ್ಪ ಕೆಳಗೆ ಮಾಡಿಸಿ, ನೀರು ಕುಡಿಯಬಹುದಾದವರಿಗೆ ಗುಟುಕು ನೀರು ಕೊಡುತ್ತಾ ಇಳಿಸುತ್ತೇನೆ. "ಅಜ್ಜೆರೆ, ಒಂತೆ ನೀರ್ ಪರ್ಲೆ" (ಅಜ್ಜ, ಸ್ವಲ್ಪ ನೀರು ಕುಡಿಯಿರಿ) ಎಂದು ತುಳುವಿನಲ್ಲಿ ಹೇಳಿದರೆ ಹಿರಿಯರ ಹೆಗಲು ಸಡಿಲವಾಗುವುದನ್ನು ನೋಡಿದ್ದೇನೆ. ಟ್ಯೂಬ್ ಕೂತ ಮೇಲೆ ಕೆಲವು ನಿಮಿಷ ಸುಮ್ಮನೆ ಬಿಡಬೇಕು. ಆಮೇಲೆ 5 ಮಿಲಿ, ಮತ್ತೆ 10 ಮಿಲಿ ನೀರು. ಕೊನೆಗೆ ಮಂದವಾದದ್ದು. ಅದಕ್ಕೆ ನಾನು ನಯವಾಗಿ ಸೋಸಿದ ರಾಗಿ ಮಣ್ಣಿ ಕೊಡುತ್ತೇನೆ. ಗೊತ್ತಿರುವ ರುಚಿಯಾದರೆ ಜನ ಹೆದರದೆ ನುಂಗುತ್ತಾರೆ.

ಮಿದುಳುಕಾಂಡದಲ್ಲಿ ಸ್ಟ್ರೋಕ್ ಆಗಿದ್ದ ಒಬ್ಬ ಹಿರಿಯರು ಮೂಗಿನ ಟ್ಯೂಬಿನಲ್ಲೇ ಊಟ ಮಾಡುತ್ತಿದ್ದರು. ವಿಡಿಯೋದಲ್ಲಿ ಬೇರಿಯಂ ಗಂಟಲಿನ ಎರಡೂ ಬದಿ ನಿಂತಿತ್ತು. ಸ್ನಾಯು ಸೋತಿದೆ ಎಂದೇ ಎಲ್ಲರ ಊಹೆ. ಒತ್ತಡ ನೋಡಿದರೆ ಗಂಟಲು ಚೆನ್ನಾಗಿಯೇ ತಳ್ಳುತ್ತಿತ್ತು. ಬಾಗಿಲು ಮಾತ್ರ ಪೂರ್ತಿ ಸಡಿಲವಾಗುತ್ತಿರಲಿಲ್ಲ. ಕೊಡುವ ಪ್ರಮಾಣ ಜಾಸ್ತಿ ಮಾಡಿದಂತೆ ಬಾಗಿಲಿನ ಮೇಲುಗಡೆ ಒತ್ತಡ ಏರುತ್ತಾ ಹೋಯಿತು. ಇದು ತಡೆ ಇರುವುದರ ಗುರುತು. ಅವರನ್ನು ಬಲೂನ್ ಹಾಕಿ ಹಿಗ್ಗಿಸುವ ಚಿಕಿತ್ಸೆಗೆ ಕಳಿಸಿದೆವು.

ಅದೇ ದಿನಗಳಲ್ಲಿ ರೇಡಿಯೇಶನ್ ಮುಗಿಸಿದ್ದ ಒಬ್ಬ ಅಮ್ಮ ಬಂದರು. ವಿಡಿಯೋ ಬಹುತೇಕ ಹಾಗೆಯೇ ಇತ್ತು. ಆದರೆ ಅವರ ಬಾಗಿಲು ಸರಿಯಾಗಿ ಸಡಿಲವಾಗುತ್ತಿತ್ತು, ಗಂಟಲಿನ ಭಾಗ ಮಾತ್ರ ಮಾಸಲು ಬಣ್ಣ, ಅಂದರೆ ತಳ್ಳುವ ಒತ್ತಡ ಕಡಿಮೆ. ಇವರಿಗೆ ಬಲೂನ್ ಹಾಕಿ ಪ್ರಯೋಜನವಿರಲಿಲ್ಲ. ಬಲ ಹಾಕಿ ನುಂಗುವ ಅಭ್ಯಾಸ ಶುರು ಮಾಡಿಸಿದೆ. ಟ್ಯೂಬ್ ಒಳಗಿರುವಾಗಲೇ ಪರದೆಯನ್ನು ಅವರ ಕಡೆ ತಿರುಗಿಸಿದೆ. ತಾವು ಜೋರಾಗಿ ನುಂಗಿದಾಗ ಕೆಂಪು ಬರುವುದನ್ನು ಕಂಡು, "ಹೀಗೆ ಮಾಡ್ಬೇಕಾ ಸಾರ್?" ಎಂದು ಅವರೇ ಮತ್ತೆ ಮತ್ತೆ ಮಾಡಿದರು. ನಾನು ಬಾಯಿಮಾತಿನಲ್ಲಿ ಎಷ್ಟು ಹೇಳಿದರೂ ಅಷ್ಟು ಬೇಗ ಅರ್ಥವಾಗುತ್ತಿರಲಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವವರು ನುಂಗದೆ ಸುಮ್ಮನಿರುವಾಗ ಬಾಗಿಲಿನಲ್ಲಿರುವ ಒತ್ತಡದ ಅಂಕಿಗೆ ಅಂಟಿಕೊಳ್ಳುತ್ತಾರೆ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಹೆದರಿದರೆ ಅದು ಏರುತ್ತದೆ, ನಿದ್ದೆಯಲ್ಲಿ ಇಳಿಯುತ್ತದೆ, ಮಾತಾಡಿದರೂ ಬದಲಾಗುತ್ತದೆ. ನುಂಗುವ ಆ ಗಳಿಗೆಯಲ್ಲಿ ಎಷ್ಟು ಇಳಿಯಿತು, ಎಷ್ಟು ಹೊತ್ತು ಇಳಿದೇ ಇತ್ತು ಎಂಬುದನ್ನು ನೋಡಿ. ಅದೂ ಒಂದು ಗುಟುಕಿನಲ್ಲಲ್ಲ, ಹಲವು ಗುಟುಕುಗಳಲ್ಲಿ.

ಇನ್ನೊಂದು ಮಾತನ್ನು ಮನೆಯವರಿಗೆ ಬಿಡಿಸಿ ಹೇಳಲೇಬೇಕು. ಆಹಾರ ಶ್ವಾಸನಾಳಕ್ಕೆ ಹೋಗುತ್ತಿದೆಯೇ ಎಂಬುದು ಈ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಕೆಲವರಿಗೆ ಕೆಮ್ಮು ಕೂಡ ಬಾರದೆ ಹೋಗುತ್ತಿರುತ್ತದೆ. ಹಾಗಾಗಿ ಒತ್ತಡದ ಅಂಕಿ ಚೆನ್ನಾಗಿದೆ ಎಂದು ಬಾಯಿಯಿಂದ ಊಟ ಶುರು ಮಾಡಿಸುವುದಿಲ್ಲ, ಎಕ್ಸ್‌ರೇ ವಿಡಿಯೋವನ್ನೋ ಎಂಡೋಸ್ಕೋಪಿಯನ್ನೋ ಪಕ್ಕದಲ್ಲಿಟ್ಟು ನೋಡುತ್ತೇವೆ. ನನ್ನ ರಿಪೋರ್ಟಿನ ಮೊದಲ ಸಾಲಿನಲ್ಲೇ ತಳ್ಳುವಿಕೆ ಹೇಗಿದೆ, ಬಾಗಿಲು ಹೇಗಿದೆ ಎಂದು ಬರೆಯುತ್ತೇನೆ. ಅಂಕಿಗಳೆಲ್ಲ ಅದರ ಕೆಳಗೆ.