ಮಡಿಕೇರಿ ಮಳೆಯಲ್ಲಿ ನಿಧಾನದ ಕ್ಯಾಪ್ಸೂಲ್ ಮಾಡಿದ ಅನುಭವ

ಕ್ಯಾಪ್ಸೂಲ್‌ನ ಬಣ್ಣದ ಚಿಪ್ಪೇ ಔಷಧವನ್ನು ನಿಧಾನಕ್ಕೆ ಬಿಡುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಚಿಪ್ಪು ಹೊಟ್ಟೆಗೆ ಹೋದ ಸ್ವಲ್ಪ ಹೊತ್ತಿಗೇ ಕರಗಿಬಿಡುತ್ತದೆ. ನಿಜವಾದ ಕೆಲಸ ಮಾಡುವುದು ಒಳಗಿನ ಸಾಸಿವೆ ಗಾತ್ರದ ಕಾಳುಗಳ ಮೇಲಿನ ತೆಳು ಪದರ. 1952ರಲ್ಲಿ ಅಮೆರಿಕದಲ್ಲಿ ಬಂದ ಸ್ಪ್ಯಾನ್ಸೂಲ್ ಎಂಬ ಕ್ಯಾಪ್ಸೂಲ್ ಈ ದಾರಿ ತೋರಿಸಿತು. ಮಡಿಕೇರಿ ಹತ್ತಿರದ ನಮ್ಮ ಸಣ್ಣ ಲ್ಯಾಬ್‌ನಲ್ಲಿ ನಾನು ಹಿಡಿದದ್ದೂ ಅದೇ ದಾರಿ.

ಆರಿಸಿಕೊಂಡ ಔಷಧ ಪ್ರೊಪ್ರನೊಲೋಲ್. ಬಿಪಿಗೆ, ಎದೆಬಡಿತ ಜಾಸ್ತಿ ಇದ್ದವರಿಗೆ ಕೊಡುತ್ತಾರೆ. ರಕ್ತದಲ್ಲಿ 3ರಿಂದ 6 ಗಂಟೆಯಲ್ಲಿ ಅರ್ಧಕ್ಕೆ ಇಳಿಯುವುದರಿಂದ ಮಾಮೂಲಿ ಮಾತ್ರೆಯನ್ನು ದಿನಕ್ಕೆ ಎರಡು ಮೂರು ಸಲ ನುಂಗಬೇಕು. ಬೆಳಗ್ಗೆಯೇ ಕಾಫಿ ತೋಟಕ್ಕೆ ಹೋದವರಿಗೆ ಮಧ್ಯಾಹ್ನದ ಮಾತ್ರೆ ತಪ್ಪಿಹೋಗುತ್ತದೆ ಅಲ್ವಾ? ಆದರೆ ಇದು ನೀರಿನಲ್ಲಿ ಬಹಳ ಬೇಗ ಕರಗುತ್ತದೆ. ತಡೆದು ನಿಲ್ಲಿಸುವ ಪದರ ಗಟ್ಟಿಯಾಗಿಯೇ ಇರಬೇಕು.

ಸಕ್ಕರೆ ಕಾಳುಗಳನ್ನು ಬಿಸಿಗಾಳಿಯಲ್ಲಿ ತೇಲಿಸಿ, ಮೊದಲು ಔಷಧ, ಆಮೇಲೆ ನೀರಿಗೆ ಕರಗದ ಪದರ ಕಟ್ಟುವ ಈಥೈಲ್ ಸೆಲ್ಯುಲೋಸ್ ಸಿಂಪಡಿಸಿದೆ. ಸಾಲ್ವೆಂಟ್ ಬೇಡ ಅಂತ ನೀರಿನಲ್ಲಿ ಬೆರೆತಿರುವ ಬಗೆಯನ್ನೇ ತಗೊಂಡೆ. ಪದರ ಬಿರುಕು ಬಿಡದಿರಲಿ ಎಂದು ಅದನ್ನು ಮೆದುಗೊಳಿಸುವ ಟ್ರೈಈಥೈಲ್ ಸಿಟ್ರೇಟ್ ಸೇರಿಸಿದೆ. ಕಾಳಿನ ತೂಕ ಶೇ. 10 ಏರಿದಾಗ ಒಂದು ಹಿಡಿ ತೆಗೆದಿಟ್ಟೆ. ಶೇ. 15ಕ್ಕೆ ಒಂದು, ಶೇ. 20ಕ್ಕೆ ಒಂದು.

ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ ಮಳೆಯಲ್ಲಿ ಈ ಕೆಲಸ ಸುಲಭವಲ್ಲ. ಒಳಬರುವ ಗಾಳಿಯೇ ತೇವ, ಹಾಗಾಗಿ ಕಾಳು ಬೇಗ ಒಣಗುವುದಿಲ್ಲ. ಗಾಳಿಯ ತೇವ ತೆಗೆದು ಒಳಗೆ ಬಿಟ್ಟೆ, ಸಿಂಪಡಿಸುವ ವೇಗ ಇಳಿಸಿದೆ. ಮೀಟರ್ ನೋಡುವುದರ ಜೊತೆಗೆ ಗ್ಲೌಸ್ ಹಾಕಿದ ಅಂಗೈ ಮೇಲೂ ಉರುಳಿಸಿ ನೋಡುತ್ತೇನೆ. ಒಣಗಿದ್ದರೆ ಜರಜರ ಅಂತ ಜಾರುತ್ತವೆ. ಹಸಿ ಇದ್ದರೆ ಎರಡೆರಡು ಅಂಟಿಕೊಂಡು ಬೆರಳಿಗೆ ಹತ್ತುತ್ತವೆ. ಆಮೇಲೆ 60 ಡಿಗ್ರಿ ಓವನ್‌ನಲ್ಲಿ ಒಂದು ದಿನ ಇಡಬೇಕು. ಆಗಲೇ ಪದರದ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುವುದು. ಇಲ್ಲವಾದರೆ ಡಬ್ಬಿಯಲ್ಲಿ ಕೂತಲ್ಲೇ ಅದರ ಗುಣ ಬದಲಾಗುತ್ತಾ ಹೋಗುತ್ತದೆ.

ಜೆಲಟಿನ್ ಚಿಪ್ಪಿನಲ್ಲಿ ಶೇ. 13ರಿಂದ 16ರಷ್ಟು ನೀರು ಇರುತ್ತದೆ. ನಮ್ಮ ಮಳೆಗಾಲದಲ್ಲಿ ಇನ್ನಷ್ಟು ಹೀರಿ ಮೆತ್ತಗಾಗುತ್ತದೆ. ಹಾಗಾಗಿ ಸಸ್ಯಮೂಲದ ಎಚ್‌ಪಿಎಂಸಿ ಚಿಪ್ಪು ಬಳಸಿದೆ.

ಪರೀಕ್ಷೆಗೆ 900 ಮಿಲಿಲೀಟರ್ ದ್ರವ, 37 ಡಿಗ್ರಿ, ನಿಮಿಷಕ್ಕೆ 100 ಸುತ್ತು ತಿರುಗುವ ಬುಟ್ಟಿ. ಮೊದಲ 2 ಗಂಟೆ ಹೊಟ್ಟೆಯಂಥ ಆಮ್ಲ, ಆಮೇಲೆ ಕರುಳಿನಂಥ 6.8 ಪಿಎಚ್ ದ್ರಾವಣ. ಶೇ. 10ರ ಕಾಳು ಅವಸರದಲ್ಲಿ ಎಲ್ಲಾ ಬಿಟ್ಟಿತು. ಶೇ. 20ರದ್ದು ಕೊನೆವರೆಗೂ ಒಂದಷ್ಟು ಉಳಿಸಿಕೊಂಡಿತು. ಯಾವ ಹೊತ್ತಿಗೆ ಎಷ್ಟು ಔಷಧ ಹೊರಬಂತು ಎಂದು ತೋರಿಸುವ ಗ್ರಾಫ್‌ನಲ್ಲಿ ನನಗೆ ಬೇಕಾದ ಗೆರೆ ಸಿಕ್ಕಿದ್ದು ಶೇ. 15ರಲ್ಲಿ.

ಅಲ್ಲಿಗೇ ನಿಲ್ಲಿಸಲು ಮನಸ್ಸು ಬರಲಿಲ್ಲ. ಕೈಲ್ ಪೊಳ್ದ್, ಪುತ್ತರಿ ಹಬ್ಬ ಬಂದರೆ ಇಲ್ಲಿ ಎಷ್ಟೋ ಮನೆಗಳಲ್ಲಿ ಊಟದ ಜೊತೆ ಒಂದೆರಡು ಪೆಗ್ ಇದ್ದೇ ಇರುತ್ತದೆ. ಈಥೈಲ್ ಸೆಲ್ಯುಲೋಸ್ ನೀರಿಗೆ ಜಗ್ಗುವುದಿಲ್ಲ, ಆಲ್ಕೊಹಾಲ್‌ಗೆ ಕರಗುತ್ತದೆ. ಪದರ ಹೋದರೆ ಇಡೀ ದಿನದ ಔಷಧ ಒಮ್ಮೆಗೇ ಒಳಗೆ ಸೇರುತ್ತದೆ. ಎದೆಬಡಿತ ಇಳಿಸುವ ಔಷಧದಲ್ಲಿ ಅದು ಪ್ರಾಣದ ಪ್ರಶ್ನೆ. ಆಲ್ಕೊಹಾಲ್ ಸೇರಿದರೆ ಹೀಗೆ ಆಗುತ್ತದೆ ಅಂತಲೇ 2005ರಲ್ಲಿ ಅಮೆರಿಕದಲ್ಲಿ ಒಂದು ನೋವಿನ ಕ್ಯಾಪ್ಸೂಲನ್ನು ಮಾರುಕಟ್ಟೆಯಿಂದ ಹಿಂದೆ ತಗೊಂಡರು. ಕ್ಯಾಪ್ಸೂಲ್ ದೊಡ್ಡದಾಯಿತು ಅಂತ ಬಿಚ್ಚಿ, ಕಾಳನ್ನು ಅಗಿದು ತಿನ್ನುವ ಅಜ್ಜಂದಿರನ್ನೂ ನೋಡಿದ್ದೇನೆ. ಅದರಲ್ಲೂ ಇದೇ ಅಪಾಯ. ದಯವಿಟ್ಟು ಅಗಿಯಬೇಡಿ.

ಆಮ್ಲಕ್ಕೆ ಶೇ. 5, 10, 20, 40 ಆಲ್ಕೊಹಾಲ್ ಬೆರೆಸಿ ಎರಡೆರಡು ಗಂಟೆ ನೋಡಿದೆ. ಶೇ. 40ರಲ್ಲಿ ಗೆರೆ ಕಡಿದಾಗಿ ಏರಿತು. ಪದರಕ್ಕೆ ಸ್ವಲ್ಪ ಗ್ವಾರ್ ಗಮ್ ಸೇರಿಸಿದೆ. ನಾವು ಪಲ್ಯ ಮಾಡುವ ಗೋರಿಕಾಯಿಯ ಬೀಜದಿಂದಲೇ ಬರುವ ಅಂಟು ಅದು. ನೀರಿನಲ್ಲಿ ಉಬ್ಬುತ್ತದೆ, ಆಲ್ಕೊಹಾಲ್‌ನಲ್ಲಿ ಕರಗುವುದಿಲ್ಲ. ಈಗ ಆಲ್ಕೊಹಾಲ್ ಇದ್ದ ಗೆರೆ, ಇಲ್ಲದ ಗೆರೆ ಎರಡೂ ಹತ್ತಿರ ಹತ್ತಿರ ಬರುತ್ತಿವೆ. ಇದಿನ್ನೂ ಲ್ಯಾಬ್ ಮಟ್ಟದ ಕೆಲಸ, ರೋಗಿಗಳಿಗೆ ಕೊಟ್ಟಿಲ್ಲ. ಸದ್ಯ ಕ್ಯಾಪ್ಸೂಲ್ ಕೆಡದೆ ಉಳಿಯುತ್ತದೆಯೇ ಎಂದು 40 ಡಿಗ್ರಿ, ಶೇ. 75 ತೇವದ ಪೆಟ್ಟಿಗೆಯಲ್ಲಿ 6 ತಿಂಗಳ ಪರೀಕ್ಷೆ ನಡೆಯುತ್ತಿದೆ.